ಬಾಟಲಿ ಒಂದು ಹೇಳುತ್ತೆ, ಡಿಜಿಟಿ ಇನ್ನೊಂದು, ಚಿಪ್ಪು ಮತ್ತೊಂದು: ಅಳಿವೆಯ ತಾಮ್ರಕ್ಕೆ ಯಾವ ಅಂಕಿ ಬರೆಯಲಿ?

ಇಳಿತದಹುಡುಗಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಉದ್ದ ಇದೆ, ಮೊದಲೇ ಹೇಳಿಬಿಡ್ತೀನಿ.

ನನ್ನದು ಪಿಎಚ್‌ಡಿ ಎರಡನೇ ವರ್ಷ. ಅಳಿವೆಯ ನೀರಿನಲ್ಲಿ ಕರಗಿದ ತಾಮ್ರ, ಸತು, ಕ್ಯಾಡ್ಮಿಯಂ ಎಷ್ಟಿದೆ, ಅದರಲ್ಲಿ ಎಷ್ಟು ಪಾಲು ಜೀವಿಗಳ ಮೈಗೆ ಹೋಗುತ್ತೆ ಅಂತ ನೋಡೋದು ಕೆಲಸ. ಒಂದೇ ಜಾಗದಲ್ಲಿ ಮೂರು ಥರ ಅಳೆದೆ. ಮೂರೂ ಒಂದಕ್ಕೊಂದು ಮಾತಾಡ್ತಿಲ್ಲ.

ಮೊದಲನೆಯದು ಬಾಟಲಿ. ಹುಣ್ಣಿಮೆಯ ಮರುದಿನ ದೋಣಿಯಲ್ಲಿ ಕೂತು 13 ಗಂಟೆ, ಗಂಟೆಗೊಂದು ಮಾದರಿ ತೆಗೆದೆ. 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಆಮ್ಲ ಹಾಕಿ, ಪರಮಾಣುಗಳ ತೂಕ ನೋಡಿ ಲೋಹ ಎಣಿಸೋ ಯಂತ್ರವಾದ ಐಸಿಪಿ-ಎಂಎಸ್‌ಗೆ ಕೊಟ್ಟೆ. ಪೂರ್ತಿ ಉಬ್ಬರದಲ್ಲಿ ಲೀಟರಿಗೆ 1.1 ಮೈಕ್ರೊಗ್ರಾಂ ತಾಮ್ರ, ಪೂರ್ತಿ ಇಳಿತದಲ್ಲಿ 4.3. ಹದಿಮೂರರ ಸರಾಸರಿ 2.4.

ಎರಡನೆಯದು ಡಿಜಿಟಿ, ಅಂದರೆ ನೀರಿನಲ್ಲಿ ಮುಳುಗಿಸಿಟ್ಟರೆ ಜೆಲ್ ಪದರ ದಾಟಿ ಬರೋ ಲೋಹವನ್ನು ಒಳಗಿನ ರಾಳದಲ್ಲಿ ಹಿಡಿದಿಟ್ಟುಕೊಳ್ಳೋ ಸಣ್ಣ ಬಿಲ್ಲೆ. ಆ ದಿನದಿಂದಲೇ ಶುರುಮಾಡಿ 72 ಗಂಟೆ ಇಟ್ಟೆ. ರಾಳದ ಪದರದಲ್ಲಿ ಸಿಕ್ಕಿದ ತಾಮ್ರ 50 ನ್ಯಾನೊಗ್ರಾಂ. ಲೆಕ್ಕ ಹಾಕಿದರೆ ಲೀಟರಿಗೆ 0.93 ಮೈಕ್ರೊಗ್ರಾಂ. ಮೂರು ಡಿಜಿಟಿ ಇಟ್ಟಿದ್ದೆ, ಮೂರೂ ಹೆಚ್ಚುಕಡಿಮೆ ಅಷ್ಟೇ ಹೇಳಿದವು. ಹಾಗಾಗಿ ಕೈತಪ್ಪು ಅಂತ ಅನ್ನಿಸಲ್ಲ.

ಮೂರನೆಯದು ಮಸಲ್, ಅಂದರೆ ಎರಡು ಚಿಪ್ಪಿನ ಕಡಲಜೀವಿ. ಬಲೆಚೀಲದಲ್ಲಿ ತುಂಬಿ ಅಳಿವೆಯ ಮೇಲ್ಭಾಗದಲ್ಲಿ ಒಂದು ಕಡೆ, ಬಾಯಿಯ ಹತ್ತಿರ ಒಂದು ಕಡೆ ಆರು ವಾರ ತೂಗುಹಾಕಿದೆ. ಮೇಲ್ಭಾಗದ ನೀರಿನಲ್ಲಿ ತಾಮ್ರ ಎರಡು ಪಟ್ಟು ಇದೆ. ಮಸಲ್ ಮಾಂಸದಲ್ಲಿ ಮಾತ್ರ ಎರಡೂ ಕಡೆ ಒಂದೇ!

ಇದರ ಮೇಲೆ ಸತು. ದೋಣಿಯಲ್ಲೇ ಶುದ್ಧ ನೀರು ತುಂಬಿ ಸೋಸಿದ ಬ್ಲ್ಯಾಂಕಿನಲ್ಲೇ 2.8 ಬಂದಿದೆ. ಮಾದರಿಯಲ್ಲಿ ಇರೋದೇ 5.

ಗೈಡ್ ಹೇಳೋದು, “ಮೂರರಲ್ಲಿ ಎರಡು ತಪ್ಪಿರಬೇಕು, ಯಾವುವು ಅಂತ ಹುಡುಕು.” ಅಮೆರಿಕದ ಪರಿಸರ ಸಂಸ್ಥೆ ಇಪಿಎ ಉಪ್ಪುನೀರಿಗೆ ಇಟ್ಟಿರುವ ದೀರ್ಘಾವಧಿ ಮಿತಿ 3.1, ನಮ್ಮದು 4.3, ಹಾಗಾಗಿ ‘ಮಿತಿ ಮೀರಿದ ತಾಮ್ರ’ ಅಂತಲೇ ಪ್ರಬಂಧ ಶುರುಮಾಡು ಅಂತಲೂ ಹೇಳಿದ್ದಾರೆ. ನನಗೆ ಕೈ ಬರ್ತಿಲ್ಲ. ಇಂಥದ್ದನ್ನ ಮಾಡಿದವರು ಯಾರಾದರೂ ಇದ್ದೀರಾ?

---

ಸತುವಿನಶತ್ರು ಉತ್ತರ:

ಸತುವಿನ ವಿಷಯ ಮಾತ್ರ ಹೇಳ್ತೀನಿ, ಉಳಿದದ್ದು ದೊಡ್ಡವರಿಗೆ ಬಿಟ್ಟೆ.

2.8 ನಿಮ್ಮ ಅಳಿವೆಯದಲ್ಲ, ನಿಮ್ಮ ದೋಣಿಯದು, ನಿಮ್ಮ ಕೈಯದು. ಸತು ಎಲ್ಲೆಲ್ಲೂ ಇರುತ್ತೆ. ಗ್ಯಾಲ್ವನೈಸ್ ಮಾಡಿದ ಬಕೆಟ್, ಸರಪಳಿ, ತಂತಿ. ರಬ್ಬರಿನಲ್ಲಿ ಜಿಂಕ್ ಆಕ್ಸೈಡ್ ಇರುತ್ತೆ, ಅಂದರೆ ಪಂಪಿನ ಪೈಪು, ಬಾಟಲಿಯ ರಬ್ಬರ್ ಬಿರಡೆ, ಅಂಚಿಗೆ ಕಟ್ಟಿದ ಹಳೇ ಟಯರು. ಪೌಡರ್ ಇರುವ ಕೈಗವಸು. ಬಿಸಿಲಿಗೆ ಹಚ್ಚಿಕೊಳ್ಳೋ ಕ್ರೀಮು. ದೋಣಿಯ ತಳದಲ್ಲಿ ತುಕ್ಕು ತಡೆಯೋಕೆ ಬಿಗಿದಿರುವ ಸತುವಿನ ಗಟ್ಟಿ ಬೇರೆ. ಅದರ ಕೆಲಸವೇ ಕರಗೋದು.

ನನ್ನ ಕಥೆ ಕೇಳಿ. ಮೊದಲ ವರ್ಷ ಅಳಿವೆ ಉದ್ದಕ್ಕೂ ಸತುವಿನ ನಕ್ಷೆ ಬರೆದಿದ್ದೆ. ಮಧ್ಯದಲ್ಲಿ ಆಳದ ಮಡುವಿನಲ್ಲಿ ಕೆಂಪು ಕಲೆ, ತುಂಬ ಚೆಂದ ಕಾಣಿಸ್ತಿತ್ತು. ಆಮೇಲೆ ಗೊತ್ತಾಯ್ತು, ಆಳ ಇದ್ದ ಕಡೆ ಮಾತ್ರ ರಾಟೆಯ ತಂತಿ ಕಟ್ಟಿ ಬಾಟಲಿ ಇಳಿಸಿದ್ದೆ. ನಕ್ಷೆಯಲ್ಲಿ ಇದ್ದದ್ದು ಆ ತಂತಿ.

ಬೇಜಾರು ಮಾಡ್ಕೋಬೇಡಿ. 1970ರ ದಶಕದ ನಡುವಿನವರೆಗೂ ಸಮುದ್ರದ ಲೇಶ ಲೋಹಗಳಿಗೆ ಅಚ್ಚಾಗಿದ್ದ ಅಂಕಿಗಳಲ್ಲಿ ಬಹುಪಾಲು ಹೀಗೇ ಹತ್ತು, ನೂರು ಪಟ್ಟು ಉಬ್ಬಿದ್ದವು. ಸೀಸದ ವಿಷಯದಲ್ಲಿ ಭೂರಸಾಯನ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಹಟ ಹಿಡಿದು ಕೂತ ಮೇಲೆ ಪ್ರಯೋಗಾಲಯಗಳು ಶುದ್ಧವಾಗಿದ್ದು.

ಮಾಡಬೇಕಾದ್ದು: ಬಾಟಲಿ, ಫಿಲ್ಟರ್ ಎಲ್ಲ ಆಮ್ಲದಲ್ಲಿ ನೆನೆಹಾಕಿ, ಎರಡು ಚೀಲದೊಳಗಿಟ್ಟು ಒಯ್ಯಿರಿ. ದೋಣಿಯಲ್ಲಿ ಒಬ್ಬರು ‘ಕೊಳಕು ಕೈ’, ಒಬ್ಬರು ‘ಶುದ್ಧ ಕೈ’. ಹೊರಚೀಲ, ಹಗ್ಗ, ಲಂಗರು ಎಲ್ಲ ಮೊದಲನೆಯವರದು. ಎರಡನೆಯವರು ಒಳಚೀಲ ಮತ್ತು ಬಾಟಲಿ ಬಿಟ್ಟು ಏನನ್ನೂ ಮುಟ್ಟಬಾರದು, ಮೂಗು ತುರಿಸಿದರೂ. ಈಗಿರುವ ಸತುವಿನ ಅಂಕಿಗಳನ್ನು ಬಿಟ್ಟುಬಿಡಿ. ಬ್ಲ್ಯಾಂಕ್ ಮಾದರಿಯ ಅರ್ಧಕ್ಕಿಂತ ಜಾಸ್ತಿ ಇರುವಾಗ ಕಳೆದು ಉಳಿಸಿಕೊಳ್ಳೋಕೆ ಏನಿಲ್ಲ.

ಇನ್ನೊಂದು, ತಾಮ್ರಕ್ಕೂ ಸೇರಿ: ದೋಣಿಯ ತಳಕ್ಕೆ ಪಾಚಿ, ಬಾರ್ನಕಲ್ ಹತ್ತದ ಹಾಗೆ ಬಳಿಯೋ ಬಣ್ಣ ಇದೆಯಲ್ಲ, ಅದರ ಡಬ್ಬಿ ಒಮ್ಮೆ ಓದಿ. ಬಹಳಷ್ಟರಲ್ಲಿ ಇರೋದು ಕ್ಯೂಪ್ರಸ್ ಆಕ್ಸೈಡ್, ಅಂದರೆ ತಾಮ್ರವೇ.

---

ಇಳಿತದಹುಡುಗಿ:

ಅಯ್ಯೋ, ಸರಪಳಿ ಗ್ಯಾಲ್ವನೈಸ್ ಮಾಡಿದ್ದೇ. ಸತು ಬಿಟ್ಟೆ. ತಾಮ್ರದ ಮಾದರಿ ಮಾತ್ರ ದೋಣಿಯ ಮುಂದಿನ ಮೂತಿಯಿಂದ, ಹರಿವು ಬರೋ ಕಡೆಗೆ ಎರಡು ಮೀಟರ್ ಪ್ಲಾಸ್ಟಿಕ್ ಕೋಲು ಚಾಚಿ ತೆಗೆದದ್ದು. ತಾಮ್ರದ ಬ್ಲ್ಯಾಂಕ್ 0.05ರ ಒಳಗಿದೆ.

---

ಕೆಸರುಗಾಲು ಉತ್ತರ:

ಬ್ಲ್ಯಾಂಕ್ 0.05 ಅಂದರೆ ತಾಮ್ರ ನಂಬಬಹುದು. ಲಂಗರು ಮೂತಿಯಲ್ಲಿ ಮಾತ್ರ ಹಾಕಿದ್ದರೆ ದೋಣಿ ತಾನೇ ಹರಿವಿಗೆ ಎದುರು ತಿರುಗುತ್ತೆ, ಅದೂ ಸರಿ. ಹರಿವು ನಿಂತಿದ್ದ ಹೊತ್ತಿನ ಮಾದರಿಗಳ ಮೇಲೆ ಮಾತ್ರ ಒಂದು ಕಣ್ಣಿರಲಿ.

ಸೋಡಿಯಂ ವಿಷಯ ಯಾರಾದರೂ ಎತ್ತುವ ಮುಂಚೆ ನಾನೇ ಹೇಳಿಬಿಡ್ತೀನಿ. ಐಸಿಪಿ-ಎಂಎಸ್‌ನಲ್ಲಿ ಆರ್ಗಾನ್ 40, ಸೋಡಿಯಂ 23 ಸೇರಿಕೊಂಡು 63 ಆಗಿ ತಾಮ್ರದ ವೇಷ ಹಾಕುತ್ತೆ. 65ಕ್ಕೆ ಹೋದರೆ ಅಲ್ಲಿ ಮೆಗ್ನೀಸಿಯಂ 25 ಕಾಯ್ತಾ ಇರುತ್ತೆ. ಆದರೆ ಆ ತೊಂದರೆ ಇದ್ದಿದ್ದರೆ ಉಪ್ಪು ಜಾಸ್ತಿ ಇರುವ ಉಬ್ಬರದಲ್ಲಿ ತಾಮ್ರ ಏರಬೇಕಿತ್ತು. ನಿಮ್ಮದು ಇಳಿದಿದೆ. ಆದರೂ ಕೆನಡಾದ ಸಂಶೋಧನಾ ಮಂಡಳಿ ಎನ್‌ಆರ್‌ಸಿ ಕೊಡೋ ಅಳಿವೆ ನೀರಿನ ಪ್ರಮಾಣಿತ ಮಾದರಿಯನ್ನು ಒಂದು ಸಲ ಓಡಿಸಿ, ಮನಸ್ಸಿಗೆ ನೆಮ್ಮದಿ.

ಈಗ ನನ್ನ ಎರಡು ಪ್ರಶ್ನೆ. ಡಿಜಿಟಿಯನ್ನು ಯಾವುದಕ್ಕೆ ಕಟ್ಟಿದ್ರಿ, ನೆಟ್ಟ ಕಂಬಕ್ಕಾ, ತೇಲೋ ಬೋಯ್‌ಗಾ? ಎರಡನೆಯದು, ಬಾಟಲಿಯ ತಾಮ್ರವನ್ನು ಗಂಟೆಯ ಎದುರು ಬಿಟ್ಟು ಲವಣಾಂಶದ ಎದುರು ಬರೆದು ನೋಡಿದ್ರಾ?

---

ಇಳಿತದಹುಡುಗಿ:

ಸರ್, ಕಂಬಕ್ಕೆ. ನೀವು ಕೇಳಿದ್ದಕ್ಕೆ ಪಕ್ಕದಲ್ಲೇ ಕಟ್ಟಿದ್ದ ಉಷ್ಣಾಂಶದ ಲಾಗರ್ ತೆಗೆದು ನೋಡಿದೆ. ನೀರು 18 ಡಿಗ್ರಿ ಆಸುಪಾಸು ಇದ್ದದ್ದು ಪ್ರತಿ ಇಳಿತಕ್ಕೂ ಸುಮಾರು ಎರಡು ಗಂಟೆ ಹೊತ್ತು ಹುಚ್ಚುಚ್ಚಾಗಿ ಏರಿಳಿದಿದೆ. ಹಗಲು ಮೇಲೆ, ರಾತ್ರಿ ಕೆಳಗೆ. ಅಂದರೆ ಡಿಜಿಟಿ ಗಾಳಿಯಲ್ಲಿ ನೇತಾಡ್ತಿತ್ತು ಅಲ್ವಾ?

ಲವಣಾಂಶದ ಎದುರು ಈಗ ಬರೆದೆ. 9ರಲ್ಲಿ 4.3, 31ರಲ್ಲಿ 1.1. ಉಬ್ಬರ ಏರುವಾಗಿನ ಚುಕ್ಕಿಗಳು ಇವೆರಡರ ನಡುವಿನ ಗೆರೆಯ ಮೇಲೇ ಕೂತಿವೆ. ಲವಣಾಂಶ 20 ಇದ್ದಾಗ 2.7. ಇಳಿಯುವಾಗ ಅದೇ 20ಕ್ಕೆ 3.5.

---

ಕೆಸರುಗಾಲು ಉತ್ತರ:

ನೇತಾಡ್ತಿತ್ತು. ಎಲ್ಲರೂ ಒಂದು ಸಲ ನೇತುಹಾಕಿದ್ದೀವಿ, ಬಿಡಿ. ನಿಮಗೆ ಲಾಗರ್ ಕಟ್ಟೋ ಬುದ್ಧಿ ಇತ್ತು, ನಮಗೆ ಅದೂ ಇರಲಿಲ್ಲ.

ಮೊದಲು 0.93ರ ಲೆಕ್ಕ ರಿಪೇರಿ ಮಾಡೋಣ. ರಾಳ ಹಿಡಿದ ಲೋಹವನ್ನು ಜೆಲ್ ಮತ್ತು ಪೊರೆಯ ಒಟ್ಟು ದಪ್ಪದಿಂದ, ಅಂದರೆ 0.94 ಮಿ.ಮೀ.ಯಿಂದ, ಗುಣಿಸಿ, ಅದನ್ನು ಪ್ರಸರಣ ಗುಣಾಂಕ (ಜೆಲ್ಲಿನೊಳಗೆ ಅಯಾನು ಎಷ್ಟು ಬೇಗ ಸಾಗುತ್ತೆ ಅನ್ನೋ ಅಂಕಿ), 3.14 ಚದರ ಸೆಂ.ಮೀ. ಕಿಟಕಿ, ಸೆಕೆಂಡುಗಳು, ಈ ಮೂರರಿಂದ ಭಾಗಿಸಿದ್ದೀರಿ. ನಾನೂ ಹಾಕಿ ನೋಡಿದೆ. ತಾಮ್ರಕ್ಕೆ ಗುಣಾಂಕಗಳ ಪಟ್ಟಿಯಲ್ಲಿರೋ 6.23 (ಸೆಕೆಂಡಿಗೆ, ಚದರ ಸೆಂ.ಮೀ.ನ ಹತ್ತು ಲಕ್ಷದ ಪಾಲಿನಲ್ಲಿ) ತೆಗೆದುಕೊಂಡರೆ ಮಾತ್ರ 0.93 ಬರುತ್ತೆ. ಅದು 25 ಡಿಗ್ರಿಯ ಗುಣಾಂಕ. ನಿಮ್ಮ ನೀರು 18. ತಣ್ಣಗಿನ ನೀರಿನಲ್ಲಿ ಅಯಾನುಗಳ ನಡಿಗೆ ನಿಧಾನ, ಗುಣಾಂಕ ಹತ್ತಿರ ಹತ್ತಿರ 18% ಕಡಿಮೆ. ಅಷ್ಟಕ್ಕೇ 0.93 ಹೋಗಿ 1.1 ಆಯ್ತು.

72 ಗಂಟೆಯಲ್ಲಿ ಹೆಚ್ಚುಕಡಿಮೆ ಆರು ಇಳಿತ, ಒಂದಕ್ಕೆ ಎರಡು ಗಂಟೆ, ಒಟ್ಟು 12 ಗಂಟೆ ಗಾಳಿಯಲ್ಲಿ. ಒದ್ದೆಯಾಗಿದ್ದದ್ದು 60 ಗಂಟೆ. ಈಗ 1.3.

ಹರಿವು ನಿಂತಾಗ ಕಿಟಕಿಯ ಮುಂದೆ ನಿಂತ ನೀರಿನ ಪದರ ದಪ್ಪಗಾಗಿ ಡಿಜಿಟಿ ಕಡಿಮೆ ಹೀರುತ್ತೆ ಅಂತ ಇನ್ನೊಂದು ತಕರಾರಿದೆ. ಕಿಟಕಿಯ ಅಂಚಿನಲ್ಲಿ ಪಕ್ಕದಿಂದಲೂ ಲೋಹ ನುಸುಳುತ್ತೆ, ಅದು ಉಲ್ಟಾ ದಿಕ್ಕಿನ ತಪ್ಪು. ಹರಿಯೋ ನೀರಿನಲ್ಲಿ ಇವೆರಡೂ ಸುಮಾರಾಗಿ ಒಂದನ್ನೊಂದು ತಿಂದುಹಾಕುತ್ತವೆ. ಸರಿಯಾಗಿ ತಿಳೀಬೇಕಂದರೆ ಮುಂದಿನ ಸಲ ಬೇರೆ ಬೇರೆ ದಪ್ಪದ ಜೆಲ್ ಇರುವ ಮೂರು ಡಿಜಿಟಿ ಒಟ್ಟಿಗೆ ಇಡಿ, ಆ ಪದರದ ದಪ್ಪವೂ ಲೆಕ್ಕಕ್ಕೆ ಸಿಗುತ್ತೆ.

ಈಗ ಬಾಟಲಿ ಕಡೆ ಬನ್ನಿ. ಡಿಜಿಟಿ ಗಾಳಿಯಲ್ಲಿ ಇದ್ದದ್ದು ಯಾವಾಗ? ಪೂರ್ತಿ ಇಳಿತದಲ್ಲಿ. ತಾಮ್ರ ಅತಿ ಹೆಚ್ಚು ಇದ್ದದ್ದು ಯಾವಾಗ? ಆಗಲೇ. ಊಟ ಬಡಿಸೋ ಹೊತ್ತಿಗೆ ಎದ್ದುಹೋದ ಹಾಗೆ! ಆ ಎರಡು ಗಂಟೆಯ ಬಾಟಲಿಗಳನ್ನು ಬದಿಗಿಟ್ಟು ಸರಾಸರಿ ತೆಗೆದರೆ 2.4 ಇದ್ದದ್ದು 2.1ರ ಹತ್ತಿರ ಬರಬೇಕು. ಒಂದು ದಿನದ ಬಾಟಲಿಯನ್ನು ಮೂರು ದಿನದ ಡಿಜಿಟಿ ಪಕ್ಕ ಇಡ್ತಿದ್ದೀವಿ ಅನ್ನೋದು ನೆನಪಿರಲಿ. ಆದರೂ 0.93ಕ್ಕೂ 2.4ಕ್ಕೂ ಇದ್ದ ಜಗಳ 1.3ಕ್ಕೂ 2.1ಕ್ಕೂ ಇಳಿಯಿತು.

ಇನ್ನುಳಿದ ಅಂತರವನ್ನು ರಿಪೇರಿ ಮಾಡೋಕೆ ಹೋಗಬೇಡಿ, ನಿಮ್ಮ ಸಂಶೋಧನೆ ಇರೋದೇ ಅಲ್ಲಿ. 0.45 ಮೈಕ್ರಾನ್ ದಾಟಿದ್ದನ್ನೆಲ್ಲ ನಾವು ‘ಕರಗಿದ್ದು’ ಅಂತ ಕರೀತೀವಿ, ಅದು ಫಿಲ್ಟರ್ ಕೊಟ್ಟ ಹೆಸರು. ಅದರೊಳಗೆ ಫಿಲ್ಟರ್ ದಾಟುವಷ್ಟು ಸಣ್ಣ ಕಲಿಲ ಕಣಗಳಿವೆ, ಕೊಳೆತ ಎಲೆ-ಮಣ್ಣಿನಿಂದ ಬರೋ ಹ್ಯೂಮಿಕ್ ಆಮ್ಲಗಳನ್ನು ತಬ್ಬಿಕೊಂಡಿರೋ ತಾಮ್ರ ಇದೆ. ಸಮುದ್ರದ ನೀರಿನಲ್ಲಿ ಕರಗಿದ ತಾಮ್ರದ 99%ಕ್ಕಿಂತ ಹೆಚ್ಚು ಪಾಲು ಸಾವಯವ ವಸ್ತುಗಳಿಗೆ ಅಂಟಿಕೊಂಡಿರುತ್ತೆ, ಬಿಡಿ ಅಯಾನು ಅತ್ಯಲ್ಪ. ಡಿಜಿಟಿ ಹಿಡಿಯೋದು ಬಿಡಿ ಅಯಾನು, ಕ್ಲೋರೈಡ್-ಕಾರ್ಬೊನೇಟ್ ಜೊತೆಗಿರೋದು, ಮತ್ತೆ ಜೆಲ್ ದಾಟುವಷ್ಟು ಹೊತ್ತಿನಲ್ಲಿ ಕೈಬಿಡುವಂಥ ಸಡಿಲ ಸಾವಯವ ಜೋಡಿಗಳು. ದೊಡ್ಡ ಹ್ಯೂಮಿಕ್ ಅಣುಗಳು ಜೆಲ್ಲಿನೊಳಗೆ ಎಮ್ಮೆ ನಡಿಗೆ. ಹಾಗಾಗಿ ಬಾಟಲಿಗಿಂತ ಡಿಜಿಟಿ ಕಡಿಮೆ ತೋರಿಸಲೇಬೇಕು. ಎರಡೂ ಒಂದೇ ಬಂದಿದ್ದರೆ ನಾನು ಅನುಮಾನ ಪಡ್ತಿದ್ದೆ.

ಹಾಗಂತ ‘ಡಿಜಿಟಿ ಅಂದರೆ ಜೈವಿಕ ಲಭ್ಯತೆ’ (ಅದು ಹಿಡಿದಷ್ಟೇ ಜೀವಿಯ ಮೈಗೆ ಹೋಗುತ್ತೆ) ಅಂತ ಬರೆದರೆ ಪರೀಕ್ಷಕರು ಬಿಡಲ್ಲ. ನಿಮ್ಮ ಕ್ಯಾಡ್ಮಿಯಂನಲ್ಲೇ ಸಿಕ್ಕಿಬೀಳ್ತೀರಿ. ಸಮುದ್ರದ ನೀರಿನಲ್ಲಿ ಕ್ಯಾಡ್ಮಿಯಂ ಬಹುತೇಕ ಪೂರ್ತಿ ಕ್ಲೋರೈಡ್ ಜೊತೆಗಿರುತ್ತೆ. ಡಿಜಿಟಿ ಅದನ್ನು ಆರಾಮಾಗಿ ಎಣಿಸುತ್ತೆ. ಆದರೆ 1978ರಲ್ಲಿ ಸುಂಡಾ ಮತ್ತು ಜೊತೆಗಾರರು ಹುಲ್ಲುಸೀಗಡಿಯ ಮೇಲೆ ತೋರಿಸಿದ್ದು, ಉಪ್ಪು ಹೆಚ್ಚಾದಂತೆ ಕ್ಯಾಡ್ಮಿಯಂನ ವಿಷ ಇಳಿಯುತ್ತೆ, ಅದು ನಡೆಯೋದು ಬಿಡಿ ಅಯಾನಿನ ಲೆಕ್ಕದಲ್ಲಿ ಅಂತ. ಇದೇ ಕ್ಲೋರೈಡ್ ಕೆಸರಿನ ಕಣಕ್ಕೆ ಅಂಟಿದ್ದ ಕ್ಯಾಡ್ಮಿಯಂ ಅನ್ನು ಕಿತ್ತು ನೀರಿಗೆ ಬಿಡುತ್ತೆ. ಹಾಗಾಗಿ ನಡು ಲವಣಾಂಶದಲ್ಲಿ ಕ್ಯಾಡ್ಮಿಯಂ ಗುಡ್ಡದ ಹಾಗೆ ಏಳುತ್ತೆ. ಫ್ರಾನ್ಸಿನ ಜಿರೋಂಡ್ ಅಳಿವೆ ಇದಕ್ಕೆ ಹೆಸರುವಾಸಿ. ನೂರಾರು ಕಿಲೋಮೀಟರ್ ಮೇಲೆ ಲಾಟ್ ನದಿಯ ಕಡೆ ಇದ್ದ ಸತುವಿನ ಕಾರ್ಖಾನೆಯ ಕ್ಯಾಡ್ಮಿಯಂ ಕಣಗಳ ಮೇಲೆ ಕೂತು ಬಂದು, ಉಪ್ಪುನೀರು ಮುಟ್ಟಿದ ಮೇಲೆ ಕರಗುತ್ತೆ. ಆಯ್ಸ್ಟರ್ ಅನ್ನೋ ಸಿಂಪಿಯಲ್ಲಿ ಅದು ಎಷ್ಟು ಏರಿತ್ತೆಂದರೆ 1996ರಲ್ಲಿ ಅಲ್ಲಿ ಆಯ್ಸ್ಟರ್ ತೆಗೆಯೋದನ್ನೇ ನಿಷೇಧಿಸಿದರು.

ಇನ್ನು ನಿಮ್ಮ ಲವಣಾಂಶದ ಚಿತ್ರ. ನನಗೆ ಇಡೀ ಪ್ರಶ್ನೆಯಲ್ಲಿ ಇಷ್ಟವಾದದ್ದು ಅದೇ. ಉಬ್ಬರದಲ್ಲಿ ಗೆರೆ ನೇರ, ಅಂದರೆ ಹೊಳೆನೀರೂ ಕಡಲನೀರೂ ಬರೀ ಬೆರೆತಿವೆ. ಇಳಿತದಲ್ಲಿ ಅದೇ ಲವಣಾಂಶಕ್ಕೆ 0.8 ಹೆಚ್ಚು. ಅದು ಬೆರಕೆಯಿಂದ ಬಂದದ್ದಲ್ಲ, ನಡುವೆ ಯಾವುದೋ ಸೇರಿದೆ. ಕೆಸರುಬಯಲು ಬಸಿಯುವಾಗ ಹೊರಬರೋ ನೀರು ಇರಬಹುದು. ಇಳಿತ ನೋಡಿಕೊಂಡೇ ನೀರು ಬಿಡೋ ತೂಬು ಇರಬಹುದು. ಕೆಸರಿನ ನೀರಾದರೆ ಮ್ಯಾಂಗನೀಸೂ ಜೊತೆಗೇ ಏರಬೇಕು. ಉಳಿದ ಮಾದರಿಯಲ್ಲಿ ಅದನ್ನೊಮ್ಮೆ ನೋಡಿ.

ಮಿತಿ ಮೀರಿದ ತಾಮ್ರ? ಬೇಡ. ಇಪಿಎಯ 3.1 ನಾಲ್ಕು ದಿನಗಳ ಸರಾಸರಿಗೆ, ಮೂರು ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ದಾಟಬಾರದು ಅನ್ನೋ ಲೆಕ್ಕದ್ದು. ಒಂದು ಗಂಟೆಯ ಲೆಕ್ಕಕ್ಕೆ ಇರೋದು 4.8. ನಿಮ್ಮ ಒಂದು ದಿನದ ಸರಾಸರಿ 2.4, ಒಂದು ಗಂಟೆಯ ಗರಿಷ್ಠ 4.3. ಎರಡೂ ದಾಟಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ತುದಿಯಲ್ಲಿ ಸಾವಯವ ವಸ್ತು ತಾಮ್ರವನ್ನು ಎಷ್ಟು ಕಟ್ಟಿಹಾಕುತ್ತೆ ಅಂತ ಪರೀಕ್ಷೆ ಮಾಡಿ ದೀರ್ಘಾವಧಿ ಮಿತಿಯನ್ನೇ 6.9ಕ್ಕೆ ಏರಿಸಿದರು. ಗೈಡಿಗೆ ಅದನ್ನು ತೋರಿಸಿ, ಜಗಳ ಆಡಬೇಡಿ.

ಕೊನೆಗೆ ನನ್ನ ಪಾಪದ ಕಥೆ, ಮುಂದಿನ ವರ್ಷದ ಯೋಜನೆಗೆ ಬೇಕಾಗುತ್ತೆ. ಎರಡು ವಾರಕ್ಕೊಮ್ಮೆ, ಸೋಮವಾರ ಬೆಳಗ್ಗೆ 10ಕ್ಕೆ ಸರಿಯಾಗಿ ಮಾದರಿ ತೆಗೀತಿದ್ದೆ. ಅಂಥ ಶಿಸ್ತು! ತಾಮ್ರ ನಾಲ್ಕೂವರೆ ತಿಂಗಳು ಏರಿತು, ನಾಲ್ಕೂವರೆ ತಿಂಗಳು ಇಳಿಯಿತು. ಮಳೆಗಾಲ ಅಂತ ವಿವರಣೆಯೂ ಬರೆದೆ. ಆಮೇಲೆ ಒಬ್ಬರು ಉಬ್ಬರದ ಪಟ್ಟಿ ಪಕ್ಕಕ್ಕಿಟ್ಟರು. ಉಬ್ಬರದಿಂದ ಉಬ್ಬರಕ್ಕೆ 12 ಗಂಟೆ 25 ನಿಮಿಷ, ಮೇಲೆ 14 ಸೆಕೆಂಡು. ಹದಿನಾಲ್ಕು ದಿನಕ್ಕೆ ಗುಣಿಸಿದರೆ ಪ್ರತಿ ಸೋಮವಾರವೂ ಹಿಂದಿನದ್ದಕ್ಕಿಂತ ಸುಮಾರು 39 ನಿಮಿಷ ಮುಂಚೆ ಉಬ್ಬರ. ಹೀಗೆ ಜಾರಿ ಜಾರಿ ಒಂದು ಸುತ್ತು ಮುಗಿಯೋಕೆ ಒಂಬತ್ತು ತಿಂಗಳು. ನಾನು ಒಂಬತ್ತು ತಿಂಗಳು ಅಳೆದದ್ದು ಒಂದೇ ಒಂದು ಉಬ್ಬರ-ಇಳಿತ, ಭಾರೀ ನಿಧಾನವಾಗಿ. ಗಡಿಯಾರ ನೋಡಿ ದೋಣಿ ಹತ್ತಬೇಡಿ. ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರಕ್ಕೊಂದು, ಅಷ್ಟಮಿಯ ಸಣ್ಣ ಉಬ್ಬರಕ್ಕೊಂದು, ಪೂರ್ತಿ ಸುತ್ತು ಅಳೆಯಿರಿ. ಡಿಜಿಟಿಯನ್ನೂ 72 ಗಂಟೆ ಬಿಟ್ಟು 74 ಗಂಟೆ 30 ನಿಮಿಷ ಇಡಿ, ಆರು ಸುತ್ತು ಸರಿಯಾಗಿ ಮುಗಿಯುತ್ತೆ.

---

ಚಿಪ್ಪುಲೆಕ್ಕ ಉತ್ತರ:

ಮಸಲ್ ಬಗ್ಗೆ ಯಾರೂ ಹೇಳಲಿಲ್ಲ, ಪಾಪ ಅದರ ಮೇಲೆ ಅನುಮಾನ ಹಾಗೇ ಉಳಿಯಿತು.

ಮಸಲ್ ಸುಳ್ಳು ಹೇಳಿಲ್ಲ. ತಾಮ್ರ, ಸತು ಎರಡೂ ಅದಕ್ಕೆ ಬೇಕಾದ ಲೋಹಗಳೇ. ಹೆಚ್ಚಾದದ್ದನ್ನು ತಕ್ಕಮಟ್ಟಿಗೆ ಹೊರಹಾಕಿ ಮೈಯಲ್ಲಿ ಒಂದು ಮಟ್ಟ ಕಾಯ್ದುಕೊಳ್ಳುತ್ತೆ. ಕ್ಯಾಡ್ಮಿಯಂ, ಸೀಸಕ್ಕೆ ಮಸಲ್ ಒಳ್ಳೆಯ ಸಾಕ್ಷಿ, ತಾಮ್ರಕ್ಕೆ ಅಲ್ಲ. ಚಿಪ್ಪುಜೀವಿ ನೋಡಿ ಕಡಲ ಮಾಲಿನ್ಯ ಅಳೆಯೋ ಕೆಲಸಕ್ಕೆ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ‘ಮಸಲ್ ವಾಚ್’ ಅಂತ ಹೆಸರಿಟ್ಟರೂ, ಆ ಹೆಸರಿನ ಅಮೆರಿಕದ ಕಾರ್ಯಕ್ರಮದಲ್ಲಿ ಆಯ್ಸ್ಟರುಗಳೂ ಇವೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕಾಗಲ್ಲ. ಆಯ್ಸ್ಟರ್ ಸತು, ತಾಮ್ರ ಬಂದಷ್ಟೂ ರಕ್ತಕಣಗಳಲ್ಲಿ ಕಟ್ಟಿಟ್ಟುಕೊಳ್ಳುತ್ತೆ. ತೈವಾನಿನ ಎರ್ರೆನ್ ನದಿಯ ಬಾಯಲ್ಲಿ 1986ರಲ್ಲಿ ಆಯ್ಸ್ಟರುಗಳು ಹಸಿರಾಗಿದ್ದು ತಾಮ್ರದಿಂದಲೇ, ಮೇಲೆ ಗುಜರಿ ಲೋಹ ಕರಗಿಸ್ತಿದ್ದರು. (ಹಸಿರು ಕಂಡ ಕೂಡಲೇ ತಾಮ್ರ ಅನ್ನಬೇಡಿ. ಫ್ರಾನ್ಸಿನ ಮರೆನ್‌ನಲ್ಲಿ ಹಸಿರು ಬರೋದು ಒಂದು ಡಯಾಟಮ್ ಪಾಚಿಯ ನೀಲಿ ಬಣ್ಣದಿಂದ.)

ನಿಮಗೆ ನೀರಿನ ತಾಮ್ರ ಮಾತ್ರ ಬೇಕಂದರೆ ಕಡಲಪಾಚಿ ನೋಡಿ. ಅದಕ್ಕೆ ಬಾಯಿಲ್ಲ, ಕರಗಿದ್ದನ್ನೇ ತಗೊಳ್ಳುತ್ತೆ. ಮಸಲ್, ಆಯ್ಸ್ಟರ್ ಕಣಗಳನ್ನೂ ತಿನ್ನುತ್ತವೆ. ಆ ದಾರಿ ಡಿಜಿಟಿಗೆ ಕಾಣಿಸೋದೇ ಇಲ್ಲ. ಯಾವ ಚಿಪ್ಪೇ ಇರಲಿ, ಕೊಯ್ಯುವ ಮುಂಚೆ ಶುದ್ಧ ನೀರಿನಲ್ಲಿ 24ರಿಂದ 48 ಗಂಟೆ ಬಿಟ್ಟು ಹೊಟ್ಟೆ ಖಾಲಿ ಮಾಡಿಸಿ. ಇಲ್ಲದಿದ್ದರೆ ನೀವು ಅಳೆಯೋದು ಕರುಳಿನ ಕೆಸರು. ಒಂದೇ ಗಾತ್ರದವು ಇರಲಿ. ಮೊಟ್ಟೆ ಬಿಡೋ ಕಾಲದಲ್ಲಿ ಮೈ ತೂಕ ಕರಗಿ ಅಂಕಿ ಏರುತ್ತೆ, ಅದನ್ನೂ ಬರೆದಿಟ್ಟುಕೊಳ್ಳಿ.

ಅಲ್ಲೇ ಬೆಳೆದ ಜೀವಿಗಳನ್ನು ಬಳಸೋದಾದರೆ ಒಂದು ಎಚ್ಚರಿಕೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ರೆಸ್ಟ್ರಾಂಗೆಟ್ ಕ್ರೀಕ್ ಅಂತ ಇದೆ, ಗಣಿಗಳ ನೀರು ಕಾರ್ನನ್ ನದಿಯಲ್ಲಿ ಇಳಿದು ಬಂದು ಸೇರೋ ಜಾಗ. 1992ರ ಜನವರಿಯಲ್ಲಿ ವೀಲ್ ಜೇನ್ ಗಣಿಯ ಆಮ್ಲನೀರು ಒಡೆದು ನುಗ್ಗಿದ್ದೂ ಅದೇ ದಾರಿಯಲ್ಲಿ. ಅಲ್ಲಿನ ಕೆಸರಿನ ನೆರೈಸ್ ಹುಳುಗಳು ತಲೆಮಾರುಗಳಿಂದ ತಾಮ್ರ ತಡೆದುಕೊಳ್ಳೋದು ಕಲಿತಿವೆ ಅಂತ 1971ರಲ್ಲೇ ಬ್ರಯಾನ್, ಹಮ್ಮರ್‌ಸ್ಟೋನ್ ತೋರಿಸಿದ್ದಾರೆ. ಹುಳು ಬದುಕಿದೆ ಅಂತ ನೀರು ಚೆನ್ನಾಗಿದೆ ಅನ್ನೋಕಾಗಲ್ಲ.

---

ಇಳಿತದಹುಡುಗಿ:

ಎಲ್ಲರಿಗೂ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಿಲ್ಲ. ಉಳಿದಿದ್ದ ಮಾದರಿಗಳಲ್ಲಿ ಮ್ಯಾಂಗನೀಸ್ ಓಡಿಸಿದೆ. ಇಳಿತದಲ್ಲಿ ಏರಿದೆ, ತಾಮ್ರದ ಜೊತೆಜೊತೆಗೇ. ತೂಬಿನ ಅನುಮಾನ ಪೂರ್ತಿ ಹೋಗಿಲ್ಲ, ಆದರೆ ಕೆಸರುಬಯಲಿನ ಕಡೆ ಕಾಲು ಹಾಕ್ತೀನಿ. ಗೈಡ್ ಚಿತ್ರ ನೋಡಿ ಐದು ನಿಮಿಷ ಸುಮ್ಮನಿದ್ದು “ಆ ತಲೆಬರಹ ಬೇಡ ಬಿಡು” ಅಂದರು. ನಮ್ಮಲ್ಲಿ ಅದು ದೊಡ್ಡ ಮಾತು.

ಬರೋ ಅಮಾವಾಸ್ಯೆಗೆ ಮತ್ತೆ ಇಳಿಸ್ತೀನಿ. 74 ಗಂಟೆ 30 ನಿಮಿಷ, ಮೂರು ದಪ್ಪದ ಜೆಲ್, ಪಕ್ಕದಲ್ಲಿ ಆಯ್ಸ್ಟರ್, ನೈಲಾನ್ ಹಗ್ಗ. ಕಂಬ ಬಿಟ್ಟು ತೇಲೋ ಬೋಯ್‌ಗೆ ಕಟ್ಟೋಣ ಅಂತ ದೋಣಿಯವರ ಹತ್ತಿರ ಒಂದು ಕೇಳಿ ತಂದಿಟ್ಟಿದ್ದೆ, ಕೆಂಪಗೆ, ಹೊಸದಾಗಿ ಬಣ್ಣ ಬಳಿದದ್ದು. ನಿನ್ನೆ ರಾತ್ರಿ ಸತುವಿನಶತ್ರು ಅವರ ಮಾತು ನೆನಪಾಗಿ ಬೆಳಗ್ಗೆ ಹೋಗಿ ಆ ಬಣ್ಣದ ಡಬ್ಬಿ ಕೇಳಿ ಓದಿದೆ.

ಕ್ಯೂಪ್ರಸ್ ಆಕ್ಸೈಡ್. ಮೊದಲ ಸಾಲಿನಲ್ಲೇ.

ಬಣ್ಣ ಬಳಿಯದ ಬೋಯ್ ಹುಡುಕ್ತಾ ಇದ್ದೀನಿ.